ಪಾಂಡಾ ಕಂಡು ಮುಖ ತಿರುಗಿಸಿದವರು

2011ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ನಡೆದ ಬ್ಲಿಝ್‌ಕಾನ್ ಸಮಾವೇಶದಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ನಾಲ್ಕನೆಯ ವಿಸ್ತರಣೆಯ ಹೆಸರು ಹೊರಬಿತ್ತು: ‘ಮಿಸ್ಟ್ಸ್ ಆಫ್ ಪಾಂಡೇರಿಯಾ’. ಎರಡನೆಯ ವಿಸ್ತರಣೆಯಲ್ಲಿ ಸತ್ತವರ ಸೇನೆ ಕಟ್ಟಿದ ಲಿಚ್ ಕಿಂಗ್ ಇದ್ದ. ಮೂರನೆಯದರಲ್ಲಿ ಲೋಕವನ್ನೇ ಸುಟ್ಟು ಸೀಳಿದ ಡೆತ್‌ವಿಂಗ್ ಎಂಬ ಡ್ರ್ಯಾಗನ್. ಈ ಸಲ ಬಂದದ್ದು ಹೊಟ್ಟೆ ಬಿಟ್ಟ, ಮದ್ಯ ಕಾಯಿಸುವ, ಕುಸ್ತಿಪಟುಗಳಂಥ ಪಾಂಡಾಗಳು. ಗೇಲಿ ಅಂದೇ ಶುರುವಾಯಿತು. 2012ರ ಸೆಪ್ಟೆಂಬರ್ 25ಕ್ಕೆ ಆಟ ಕೈಗೆ ಬಂದಾಗಲೂ ಹಲವು ಟೀಕಾಕಾರರು ಆ ಗೇಲಿಯನ್ನು ಬಿಟ್ಟುಕೊಡಲಿಲ್ಲ. ಅವರ ಆಕ್ಷೇಪದ ಸಾರ ಇಷ್ಟು: ಇದು ‘ಕುಂಗ್ ಫು ಪಾಂಡಾ’ ಸಿನಿಮಾದ ನಕಲು, ಮಕ್ಕಳಿಗೆ ಮಾಡಿದ್ದು, ವಾರ್‌ಕ್ರಾಫ್ಟ್‌ನ ಗಾಂಭೀರ್ಯ ಇಲ್ಲಿಗೆ ಮುಗಿಯಿತು. ಈ ತೀರ್ಪು ತಪ್ಪು. ಎಲ್ಲೆಲ್ಲಿ ತಪ್ಪು ಎಂದು ಬಿಡಿಸಿ ನೋಡುವುದು ಇವತ್ತಿಗೂ ಉಪಯುಕ್ತ, ಏಕೆಂದರೆ ಆನ್‌ಲೈನ್ ಆಟಗಳನ್ನು ಅಳೆಯುವ ಕ್ರಮ ಹೆಚ್ಚೇನೂ ಬದಲಾಗಿಲ್ಲ.

ನಕಲಿನ ಆರೋಪ ಬೇಗ ಬೀಳುತ್ತದೆ. ಸಿನಿಮಾ ತೆರೆಕಂಡದ್ದು 2008ರಲ್ಲಿ. ಚೆನ್ ಸ್ಟಾರ್ಮ್‌ಸ್ಟೌಟ್ ಎಂಬ ಪಾಂಡಾ ವೀರ ‘ವಾರ್‌ಕ್ರಾಫ್ಟ್ 3’ರ ‘ಫ್ರೋಝನ್ ಥ್ರೋನ್’ ವಿಸ್ತರಣೆಯಲ್ಲಿ ಕಾಣಿಸಿಕೊಂಡದ್ದು 2003ರಲ್ಲಿ, ಅಂದರೆ ಐದು ವರ್ಷ ಮೊದಲೇ. ಈ ಆಟಗಳ ತಯಾರಕ ಕಂಪನಿ ಬ್ಲಿಝರ್ಡ್‌ನ ಕಲಾವಿದ ಸ್ಯಾಮ್‌ವೈಸ್ ಡಿಡಿಯರ್ ಈ ಪಾಂಡಾಗಳನ್ನು ಚಿತ್ರಿಸತೊಡಗಿದ್ದು ಅದಕ್ಕೂ ಹಿಂದೆ.

ಮಕ್ಕಳಾಟಿಕೆ ಎಂಬ ಆರೋಪಕ್ಕೆ ಉತ್ತರ ಕೊಡಬೇಕಾದರೆ ಆಟದ ಜೇಡ್ ಫಾರೆಸ್ಟ್ ಪ್ರದೇಶಕ್ಕೆ ಹೋಗಬೇಕು. ಪಾಂಡೇರಿಯಾ ಹತ್ತು ಸಾವಿರ ವರ್ಷ ಮಂಜಿನ ಹಿಂದೆ ಅಡಗಿದ್ದ ಖಂಡ. ಅದರ ಕೊನೆಯ ಚಕ್ರವರ್ತಿ ಷಾವೋಹಾವೋ ತನ್ನೊಳಗಿನ ಸಂಶಯ, ಹತಾಶೆ, ಭಯ, ಕೋಪ, ದ್ವೇಷ, ಹಿಂಸೆಗಳನ್ನು ಒಂದೊಂದಾಗಿ ಕಿತ್ತು ನೆಲದಡಿ ಹೂತಿದ್ದ. ಅವಕ್ಕೆ ಷಾ ಎಂದು ಹೆಸರು. ಆ ನೆಲಕ್ಕೆ ಈಗ ಹೊರಗಿನ ಎರಡು ಸೇನೆಗಳು, ಅಲಯನ್ಸ್ ಮತ್ತು ಹೋರ್ಡ್, ತಮ್ಮ ಹಳೆಯ ಹಗೆ ಹೊತ್ತು ಬಂದಿಳಿಯುತ್ತವೆ. ಅದಕ್ಕೆ ಮೊದಲೇ ಹೋರ್ಡ್‌ನ ದಂಡನಾಯಕ ಗ್ಯಾರೋಶ್ ಹೆಲ್‌ಸ್ಕ್ರೀಮ್ ಥೆರಮೋರ್ ಎಂಬ ಊರನ್ನು ಒಂದೇ ಬಾಂಬಿನಲ್ಲಿ ಅಳಿಸಿಹಾಕಿರುತ್ತಾನೆ. ಜೇಡ್ ಫಾರೆಸ್ಟ್‌ನಲ್ಲಿ ಅಲಯನ್ಸ್‌ನವರು ಮೀನಿನಂಥ ಜಿನ್ಯು ಜನರಿಗೆ ಯುದ್ಧ ಕಲಿಸುತ್ತಾರೆ, ಹೋರ್ಡ್‌ನವರು ಕೋತಿಗಳಂಥ ಹೋಝೆನ್‌ಗಳಿಗೆ. ಈ ತರಬೇತಿಯ ಕೆಲಸಗಳನ್ನು ಮಾಡುವವನು ಆಟಗಾರನೇ. ಒಂದೊಂದೂ ಸಣ್ಣ ಕೆಲಸ, ಕೆಲವು ನಗೆ ತರಿಸುವಂಥವು. ಇತ್ತ ಪಾಂಡಾಗಳು ತಾವು ಆರಾಧಿಸುವ ಜೇಡ್ ಸರ್ಪದ ಮರುಹುಟ್ಟಿಗೆಂದು ದೈತ್ಯ ವಿಗ್ರಹವೊಂದನ್ನು ಶ್ರದ್ಧೆಯಿಂದ ಕಡೆಯುತ್ತಿರುತ್ತಾರೆ. ಆಟಗಾರ ಅಲ್ಲೂ ಕೈಜೋಡಿಸಿರುತ್ತಾನೆ. ಕೊನೆಗೆ ಎರಡೂ ಪಡೆಗಳು ಆ ವಿಗ್ರಹದ ಬುಡದಲ್ಲೇ ಎದುರಾಗುತ್ತವೆ. ವಿಗ್ರಹ ನುಚ್ಚುನೂರಾಗುತ್ತದೆ, ಷಾ ಮೇಲೆದ್ದು ಬರುತ್ತದೆ.

ಇದನ್ನು ಮಕ್ಕಳ ಕಥೆ ಎನ್ನಲು ಕಾರಣವೇನು? ಹಿಂದಿನ ವಿಸ್ತರಣೆಗಳಲ್ಲಿ ಕೇಡು ಹೊರಗಿನಿಂದ ಬರುತ್ತಿತ್ತು, ಆಟಗಾರ ಅದನ್ನು ತಡೆಯುವವನಾಗಿದ್ದ. ಇಲ್ಲಿ ಕೇಡನ್ನು ಹಡಗಿನಲ್ಲಿ ತಂದಿಳಿಸುವವನೇ ಆಟಗಾರ. ಅವನು ಯಾವ ಪಕ್ಷ ಆರಿಸಿಕೊಂಡರೂ ವಿಗ್ರಹ ಒಡೆಯುತ್ತದೆ. ವಾರ್‌ಕ್ರಾಫ್ಟ್ ಎಂಬ ಹೆಸರಿನಲ್ಲೇ ಇರುವ ಯುದ್ಧವನ್ನು ಆ ಆಟ ಇಷ್ಟು ನೇರವಾಗಿ ಪ್ರಶ್ನಿಸಿದ್ದು ಅದಕ್ಕೆ ಮೊದಲು ಇರಲಿಲ್ಲ. ತಲೆಬುರುಡೆ, ಕಪ್ಪು ಕವಚ, ಬೆಂಕಿ ಇವೇ ಗಾಂಭೀರ್ಯದ ಗುರುತು ಎಂದು ನಂಬಿದ ಟೀಕಾಕಾರರಿಗೆ ದುಂಡು ಮುಖದ ಪಾಂಡಾಗಳ ನಡುವೆ ನಡೆದ ಈ ಕಥೆ ಕಣ್ಣಿಗೆ ಬೀಳಲಿಲ್ಲ.

ಪಾಂಡೇರಿಯಾದ ಇನ್ನೊಂದು ಪ್ರದೇಶವಾದ ವ್ಯಾಲಿ ಆಫ್ ದ ಫೋರ್ ವಿಂಡ್ಸ್‌ನ ಹೊಲದ ಬಗ್ಗೆಯೂ ಇಂಥದೇ ತಾತ್ಸಾರ ಕೇಳಿಬಂತು. ಹಾಫ್‌ಹಿಲ್ ಎಂಬ ಸಂತೆಯೂರಿನ ಪಕ್ಕದಲ್ಲಿ ಯೂನ್ ಎಂಬ ಅನನುಭವಿ ರೈತನ ಪಾಳುಬಿದ್ದ ಜಮೀನಿದೆ. ಮೊದಲಿಗೆ ಬಿತ್ತಲು ಸಿಗುವುದು ನಾಲ್ಕೇ ಮಡಿ. ಊರಿನ ರೈತರ ವಿಶ್ವಾಸ ಗಳಿಸುತ್ತ ಹೋದಂತೆ ಅದು ಹದಿನಾರಕ್ಕೆ ಏರುತ್ತದೆ. ಮಣ್ಣು ಹದಮಾಡಿ ಬೀಜ ಹಾಕಬೇಕು. ಒಂದು ಗಿಡ ಬಾಡಿದ್ದರೆ ನೀರು, ಇನ್ನೊಂದಕ್ಕೆ ಹುಳ ಹತ್ತಿದ್ದರೆ ಔಷಧಿ. ಮತ್ತೊಂದಕ್ಕೆ ಕಳೆ ಸುತ್ತಿಕೊಂಡಿರುತ್ತದೆ. ಎಷ್ಟೇ ಬಲಶಾಲಿ ಪಾತ್ರವಾದರೂ ಫಸಲಿಗೆ ಮರುದಿನದವರೆಗೆ ಕಾಯಲೇಬೇಕು. ದೈತ್ಯರನ್ನು ಕೊಂದು ಬಂದ ವೀರನಿಗೆ ಇದೇನು ಕೆಲಸ ಎಂಬ ಪ್ರಶ್ನೆ ಎದ್ದಿತು. ಆದರೆ ಯುದ್ಧ ಹಾಳುಮಾಡುವುದು ಏನನ್ನು ಎಂದು ತೋರಿಸದೆ ಯುದ್ಧದ ಕಥೆ ಹೇಳುವುದು ಹೇಗೆ? ಈ ಹೊಲ, ಸಂತೆ, ಅಡುಗೆಯ ಗುರುಗಳು ಆ ಕೆಲಸ ಮಾಡುತ್ತಾರೆ. ಆಟಗಾರ ತನ್ನ ಕೈಯಾರೆ ಬೆಳೆದ ನೆಲ ಅದು.

ಟೀಕಾಕಾರರ ಮೇಲಿನ ಮುಖ್ಯ ತಕರಾರು ವಿಮರ್ಶೆ ಬರೆದ ಕಾಲದ್ದು. ಆನ್‌ಲೈನ್ ಆಟದ ವಿಸ್ತರಣೆ ಬಿಡುಗಡೆಯ ದಿನ ಅರ್ಧವೂ ಮುಗಿದಿರುವುದಿಲ್ಲ. ‘ಪ್ಯಾಚ್’ಗಳ ರೂಪದಲ್ಲಿ ಎರಡು ವರ್ಷ ಬೆಳೆಯುತ್ತ ಹೋಗುತ್ತದೆ. ಮೊದಲ ವಾರದಲ್ಲಿ ಬರೆದ ವಿಮರ್ಶೆ ಮೊದಲ ಅಂಕ ನೋಡಿ ಎದ್ದುಹೋದವನ ಅಭಿಪ್ರಾಯವಿದ್ದಂತೆ. ಡ್ರೆಡ್ ವೇಸ್ಟ್ಸ್ ಪ್ರದೇಶದ ಉದಾಹರಣೆಯನ್ನೇ ನೋಡಬಹುದು. ಅಲ್ಲಿ ಕೀಟಗಳಂಥ ಮಾಂಟಿಡ್ ಜನಾಂಗದ ಹಿರಿಯರ ಕೂಟ ಕ್ಲಾಕ್ಸಿ. ಅಂಬರಿನೊಳಗೆ ನಿದ್ರಿಸುತ್ತಿರುವ ಅವರ ಪುರಾತನ ವೀರರನ್ನು ಆಟಗಾರ ಒಬ್ಬೊಬ್ಬರಾಗಿ ಎಬ್ಬಿಸುತ್ತಾನೆ, ಅವರೊಡನೆ ಬೇಟೆಯಾಡುತ್ತಾನೆ, ಅವರ ನಂಬಿಕೆ ಗಳಿಸುತ್ತಾನೆ. ತಮ್ಮ ಹಳೆಯ ದೇವರು ಮರಳಿದರೆ ಅವನ ಪಕ್ಷವೇ ತಮ್ಮದು ಎಂಬುದನ್ನು ಅವರು ಮುಚ್ಚಿಡುವುದೂ ಇಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಬಂದ 5.4 ಪ್ಯಾಚ್‌ನ ‘ಸೀಜ್ ಆಫ್ ಆರ್ಗ್ರಿಮಾರ್’ ರೇಡ್‌ನಲ್ಲಿ, ಅಂದರೆ ಹಲವು ಆಟಗಾರರು ಒಟ್ಟಾಗಿ ನಡೆಸುವ ದಾಳಿಯಲ್ಲಿ, ಹದಿನಾಲ್ಕು ಎದುರಾಳಿಗಳಿದ್ದಾರೆ. ಗ್ಯಾರೋಶ್‌ಗೆ ಮುಂಚಿನ ಹದಿಮೂರನೆಯ ಎದುರಾಳಿ ಇದೇ ವೀರರ ಗುಂಪು. ತಾನೇ ಎಬ್ಬಿಸಿದವರನ್ನು ತಾನೇ ಕೊಲ್ಲಬೇಕು.

ಅದೇ ಪ್ಯಾಚ್‌ನಲ್ಲಿ ವೇಲ್ ಆಫ್ ಎಟರ್ನಲ್ ಬ್ಲಾಸಮ್ಸ್ ನಾಶವಾಯಿತು. ಬಂಗಾರದ ಬಣ್ಣದ ಎಲೆಗಳ ಆ ಕಣಿವೆಯಲ್ಲಿ ಆಟಗಾರರು ಒಂದು ವರ್ಷ ದಿನನಿತ್ಯ ಓಡಾಡಿದ್ದರು. ಎರಡೂ ಪಕ್ಷಗಳ ಠಾಣೆಗಳು ಅಲ್ಲೇ ಇದ್ದವು. ಮಾಂಟಿಡ್‌ಗಳ ಆ ಹಳೆಯ ದೇವರ ಹೃದಯಕ್ಕಾಗಿ ಗ್ಯಾರೋಶ್ ಕಣಿವೆಯನ್ನು ಅಗೆಸಿದ. ನೆಲ ಬಿರಿಯಿತು, ನೀರು ಕೆಟ್ಟಿತು. ಆ ವರ್ಷದ ಓಡಾಟವಿಲ್ಲದೆ ಈ ನಾಶಕ್ಕೆ ತೂಕವಿಲ್ಲ. ಮೊದಲ ವಾರದ ಅಂಕಪಟ್ಟಿಯಲ್ಲಿ ಇದಕ್ಕೆ ಜಾಗ ಸಿಗುವುದು ಸಾಧ್ಯವೂ ಇರಲಿಲ್ಲ.

ಟೀಕಾಕಾರರು ಸರಿಯಿದ್ದ ಕಡೆ ಅದನ್ನು ಒಪ್ಪಬೇಕು. ದಿನನಿತ್ಯದ ಕ್ವೆಸ್ಟ್‌ಗಳ ಹೊರೆ ಅತಿಯಾಗಿತ್ತು. ಗೋಲ್ಡನ್ ಲೋಟಸ್ ಬಣದ ಕೆಲಸಗಳನ್ನು ವಾರಗಟ್ಟಲೆ ಮಾಡಿ ಅವರ ಮನ್ನಣೆ ಪಡೆಯದ ಹೊರತು ಷಾಡೋ-ಪಾನ್ ಮತ್ತು ಆಗಸ್ಟ್ ಸೆಲೆಸ್ಟಿಯಲ್ಸ್ ಬಣಗಳ ಬಾಗಿಲು ತೆರೆಯುತ್ತಿರಲಿಲ್ಲ. ಒಳ್ಳೆಯ ಆಯುಧ, ಕವಚಗಳು ಆ ಬಾಗಿಲಿನಾಚೆ ಇದ್ದವು. ಎರಡನೆಯ ಪಾತ್ರ ಬೆಳೆಸುವವರಿಗೆ ಇದು ಶಿಕ್ಷೆಯೇ ಆಗಿತ್ತು, 5.1 ಪ್ಯಾಚ್‌ನಲ್ಲಿ ಸ್ವಲ್ಪ ಸಡಿಲಿಸಲಾಯಿತು. ಇನ್ನು ‘ಸೀಜ್ ಆಫ್ ಆರ್ಗ್ರಿಮಾರ್’ ಬಂದಮೇಲೆ ಮುಂದಿನ ವಿಸ್ತರಣೆ ಬಂದ 2014ರ ನವೆಂಬರ್‌ವರೆಗೆ, ಅಂದರೆ ಹದಿನಾಲ್ಕು ತಿಂಗಳು ಒಂದೇ ರೇಡ್ ಆಡಿಸಿದ್ದು ಕಂಪನಿಯ ದೊಡ್ಡ ತಪ್ಪು. ಚೀನಾ, ಟಿಬೆಟ್, ಹಿಮಾಲಯಗಳ ಬದುಕನ್ನು ಕಲಸಿ ಒಂದೇ ಭೂಪಟದಲ್ಲಿ ಹರಡಿದ್ದನ್ನೂ ಪ್ರಶ್ನಿಸಲು ಕಾರಣಗಳಿವೆ. ಕುನ್-ಲಾಯ್ ಬೆಟ್ಟದಲ್ಲಿ ಹೊರೆ ಹೊರುವ ಗ್ರಮಲ್ ಎಂಬ ಜೀವಿಗಳನ್ನು ಕಂಡಾಗ ಶೆರ್ಪಾಗಳ ನೆನಪಾಗದೆ ಇರದು, ಆ ಚಿತ್ರಣದಲ್ಲಿ ಗೌರವಕ್ಕಿಂತ ವಿನೋದವೇ ಹೆಚ್ಚು. ಇವೆಲ್ಲ ಗಟ್ಟಿಯಾದ ಆಕ್ಷೇಪಗಳು, ಪಾಂಡಾ ಮುದ್ದಾಗಿದೆ ಎಂಬ ದೂರಿಗೂ ಇವಕ್ಕೂ ಸಂಬಂಧವಿಲ್ಲ.

ಚಂದಾದಾರರ ಸಂಖ್ಯೆಯನ್ನು ಮುಂದಿಟ್ಟು ಹಳೆಯ ತೀರ್ಪನ್ನು ಸಮರ್ಥಿಸುವವರಿದ್ದಾರೆ. 2012ರಲ್ಲಿ ಒಂದು ಕೋಟಿ ದಾಟಿದ್ದ ಸಂಖ್ಯೆ 2014ರ ಮಧ್ಯಭಾಗಕ್ಕೆ 68 ಲಕ್ಷಕ್ಕೆ ಇಳಿದದ್ದು ನಿಜ. ಅದಕ್ಕೆ ಪಾಂಡಾಗಳೇ ಕಾರಣವಾಗಿದ್ದರೆ ಮುಂದಿನ ‘ವಾರ್‌ಲಾರ್ಡ್ಸ್ ಆಫ್ ಡ್ರೇನರ್’ ಗೆಲ್ಲಬೇಕಿತ್ತು. ಅದು ಟೀಕಾಕಾರರು ಬಯಸಿದ್ದೇ ಆಗಿತ್ತು: ಕಬ್ಬಿಣ, ರಕ್ತ, ಸಿಟ್ಟಿನ ಓರ್ಕ್ ನಾಯಕರು. ಬಿಡುಗಡೆಯ ಹೊತ್ತಿಗೆ ಸಂಖ್ಯೆ ಮತ್ತೆ ಒಂದು ಕೋಟಿ ಮುಟ್ಟಿತು. 2015ರ ಮಧ್ಯಕ್ಕೆ 56 ಲಕ್ಷಕ್ಕೆ ಕುಸಿಯಿತು, ಪಾಂಡೇರಿಯಾದ ಕೊನೆಗಿದ್ದುದಕ್ಕಿಂತಲೂ ಕೆಳಕ್ಕೆ. ಆ ವರ್ಷವೇ ಬ್ಲಿಝರ್ಡ್ ಚಂದಾದಾರರ ಲೆಕ್ಕ ಪ್ರಕಟಿಸುವುದನ್ನು ನಿಲ್ಲಿಸಿತು. ಪಾಂಡೇರಿಯಾವನ್ನಾದರೋ ಅದು 2024ರ ಮೇ ತಿಂಗಳಲ್ಲಿ ‘ರೀಮಿಕ್ಸ್’ ಆಗಿ, 2025ರ ಜುಲೈನಲ್ಲಿ ‘ಕ್ಲಾಸಿಕ್’ ಆಗಿ ಮತ್ತೆ ತೆರೆಯಿತು.