ಗೋಡೆಯಿಂದ ಮೊಬೈಲಿಗೆ: ಗಂಡಸುತನದ ಜಾಹೀರಾತು

ದೇಶನೂರಿನಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೂತು ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಗೋಡೆ ಬರಹಗಳನ್ನು. ಒಂದು ಗೋಡೆಯ ಮೇಲೆ ಕನ್ನಡದಲ್ಲಿ ‘ಗುಪ್ತ ರೋಗ’, ಇನ್ನೊಂದರ ಮೇಲೆ ಉರ್ದುವಿನಲ್ಲಿ ‘ಮರ್ದಾನಾ ಕಮ್ಜೋರಿ’. ಎರಡೂ ಲಿಪಿ ಬರುತ್ತಿತ್ತು, ಎರಡರ ಅರ್ಥವೂ ತಿಳಿಯುತ್ತಿರಲಿಲ್ಲ. ದೊಡ್ಡವರನ್ನು ಕೇಳಿದರೆ ಬೈಗುಳವೇ ಉತ್ತರ. ಆ ಮೌನವೇ ಆ ಬರಹದ ಬಂಡವಾಳವೆಂದು ಅರಿತದ್ದು ಬಹಳ ತಡವಾಗಿ.

ಸುಣ್ಣದ ಬರಹ ಈಗ ಗೋಡೆಯಿಂದಿಳಿದು ಮೊಬೈಲಿಗೆ ಬಂದಿದೆ. ಬೇರು, ಭಸ್ಮ, ಲೇಹ್ಯಗಳ ಜಾಗಕ್ಕೆ ‘ಪೆಪ್ಟೈಡ್’ ಎಂಬ ಹೊಸ ಪದ ಬಂದಿದೆ. ಆದರೆ ವ್ಯಾಕರಣ ಹಳೆಯದೇ. ಮೊದಲು ಓದುಗನಲ್ಲಿ ಅನುಮಾನ ಹುಟ್ಟಿಸುವುದು, ಆಮೇಲೆ ನಾಚಿಕೆ ಬೆಳೆಸುವುದು, ಕೊನೆಗೆ ಯಾರಿಗೂ ತಿಳಿಯದಂತೆ ಮನೆಗೆ ಕಳಿಸುತ್ತೇವೆಂಬ ಭರವಸೆ. ಕಾಯಿಲೆ ಯಾವುದೆಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ.

ಪೆಪ್ಟೈಡ್ ಎಂಬುದು ಸುಳ್ಳು ಪದವಲ್ಲ. ಅಮೈನೋ ಆಮ್ಲಗಳ ಚಿಕ್ಕ ಸರಕ್ಕೆ ಆ ಹೆಸರು. 51 ಅಮೈನೋ ಆಮ್ಲಗಳ ಇನ್ಸುಲಿನ್ ಕೂಡ ಅಂಥದ್ದೇ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಚುಚ್ಚಿದಂದಿನಿಂದ ಎಷ್ಟು ಜೀವಗಳು ಉಳಿದಿವೆಯೋ ಲೆಕ್ಕವಿಲ್ಲ. ಗಂಡಸಿನ ದೇಹದಲ್ಲಿ ಟೆಸ್ಟೋಸ್ಟಿರಾನ್ ತಯಾರಾಗಲು ಮಿದುಳಿನಿಂದ ಹೊರಡುವ ಆದೇಶವೂ ಹತ್ತು ಅಮೈನೋ ಆಮ್ಲಗಳ ಒಂದು ಪೆಪ್ಟೈಡ್. ಮಿದುಳಿನ ಇಂಥ ಹಾರ್ಮೋನುಗಳನ್ನು ಪತ್ತೆಮಾಡಿದ ಗಿಯ್ಮೆ ಮತ್ತು ಶಾಲಿ ಅವರಿಗೆ 1977ರಲ್ಲಿ ನೊಬೆಲ್ ಬಂತು. ವಿಚಿತ್ರವೆಂದರೆ, ಈ ಆದೇಶ ಬಿಟ್ಟುಬಿಟ್ಟು ಬಂದರೆ ಟೆಸ್ಟೋಸ್ಟಿರಾನ್ ಹುಟ್ಟುತ್ತದೆ. ಎಡೆಬಿಡದೆ ಬಂದರೆ ನಿಂತುಹೋಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ವೈದ್ಯರು ಅದೇ ಬಗೆಯ ಪೆಪ್ಟೈಡನ್ನು ಕೊಡುವುದು ಟೆಸ್ಟೋಸ್ಟಿರಾನನ್ನು ತಗ್ಗಿಸಲಿಕ್ಕೆ. ಹೆಚ್ಚು ಹಾಕಿದರೆ ಹೆಚ್ಚು ಶಕ್ತಿ ಎನ್ನುವ ಅಂಗಡಿಯ ಲೆಕ್ಕ ದೇಹಕ್ಕೆ ಒಪ್ಪಿಗೆಯಿಲ್ಲ.

ಜಾಹೀರಾತು ಈ ನಿಜದ ಹೆಸರನ್ನಷ್ಟೇ ಸಾಲ ಪಡೆಯುತ್ತದೆ. ಗಂಡಸರ ಆಸೆ ಹೆಚ್ಚಿಸುವುದೆಂದು ಮಾರುವ ಪಿಟಿ-141ಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿದ್ದು ಮುಟ್ಟು ನಿಲ್ಲದ ಹೆಂಗಸರ ಚಿಕಿತ್ಸೆಗೆ, ಗಂಡಸರಿಗಲ್ಲ! ಗಾಯ ಮಾಯಿಸುತ್ತದೆ, ಮೈಕಟ್ಟು ಕೊಡುತ್ತದೆ ಎಂದು ಹೊಗಳುವ ಬಿಪಿಸಿ-157ನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2022ರಿಂದ ಕ್ರೀಡಾಪಟುಗಳಿಗೆ ನಿಷೇಧಿಸಿದೆ.

ಕಾನೂನು ಇಲ್ಲವೆ? ಇದೆ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಹೇಳುವ ಔಷಧಿ ಜಾಹೀರಾತುಗಳನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ನಮ್ಮ ಮನೆಗಳಲ್ಲಿ ಗೌರವದ ಹೆಸರಾದ ದೆಹಲಿಯ ಹಮ್ದರ್ದ್ ದವಾಖಾನಾ ಈ ಕಾಯ್ದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತ್ತು. 1959ರ ಡಿಸೆಂಬರಿನ ತೀರ್ಪು ಕೆಲವು ಅಂಶಗಳನ್ನು ರದ್ದುಮಾಡಿದರೂ, ಇಂಥ ಜಾಹೀರಾತನ್ನು ವಾಕ್ ಸ್ವಾತಂತ್ರ್ಯವೆಂದು ಒಪ್ಪಲಿಲ್ಲ. ಯೂನಾನಿ ಒಳ್ಳೆಯದೋ ಅಲ್ಲವೋ ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ರೋಗಿ ತನಗೆ ತಾನೇ ಮದ್ದು ಮಾಡಿಕೊಂಡು ಕೆಡಬಾರದು ಎಂಬುದೇ ಕಾಯ್ದೆಯ ಕಾಳಜಿ. ಆ ಕಾಳಜಿ ಇಂದಿಗೂ ಹಳತಾಗಿಲ್ಲ.

ಏಕೆಂದರೆ ಈ ಸುಳ್ಳಿನ ಬೆಲೆ ಬರೀ ಹಣವಲ್ಲ. ಸಕ್ಕರೆ ಕಾಯಿಲೆ ನರಗಳನ್ನೂ ರಕ್ತನಾಳಗಳನ್ನೂ ಕೆಡಿಸುತ್ತದೆ. ಗಂಡಸಿನ ‘ದೌರ್ಬಲ್ಯ’ ಎಷ್ಟೋ ಸಲ ಅದರ ಮೊದಲ ಸುಳಿವು. ಹೃದಯದ ನಾಳಗಳಿಗಿಂತ ಆ ಅಂಗದ ನಾಳಗಳು ಕಿರಿದು. ಕಟ್ಟಿಕೊಳ್ಳುವ ಲಕ್ಷಣ ಮೊದಲು ಅಲ್ಲಿ ಕಾಣಬಹುದು. ಅಂದರೆ ನಾಚಿಕೆಯಿಂದ ಮುಚ್ಚಿಟ್ಟ ಸಂಗತಿ ಹೃದಯಾಘಾತದ ಮುನ್ಸೂಚನೆಯೂ ಆಗಿರಬಹುದು. ಸಕ್ಕರೆ ಕಾರ್ಖಾನೆಯಿಂದ ಹೆಸರಾದ ನಮ್ಮೂರಿನಲ್ಲಿ, ಮೂರು ಹೊತ್ತೂ ಅನ್ನ ಉಣ್ಣುವ ಈ ಭತ್ತದ ಸೀಮೆಯಲ್ಲಿ, ಇನ್ಸುಲಿನ್ ಎಂಬ ನಿಜವಾದ ಪೆಪ್ಟೈಡ್ ಬೇಕಾದವನು ಹೆಸರಿಲ್ಲದ ಸೀಸೆಯನ್ನು ಗುಟ್ಟಾಗಿ ತರಿಸಿಕೊಳ್ಳುತ್ತಾನೆ.

ಇಲ್ಲಿ ಕತೆಗಾರರಾದ ನಮ್ಮ ತಪ್ಪೂ ಇದೆ. ಹೆಣ್ಣಿನ ಬಂಜೆತನದ ನೋವನ್ನು ನಾವು ಕಣ್ಣೀರಿನಿಂದ ಬರೆದೆವು. ಗಂಡಸಿನ ನಿಶ್ಶಕ್ತಿಯನ್ನು ನಗೆಗೋ ಬೈಗುಳಕ್ಕೋ ಬಳಸಿದೆವು. ನನ್ನದೇ ಒಂದು ಕತೆಯಲ್ಲಿ ಜಗಳದ ನಡುವೆ ‘ನಾಮರ್ದ್’ ಎಂಬ ಮಾತು ಬರುತ್ತದೆ. ಬರೆಯುವಾಗ ಅದು ನಮ್ಮ ಓಣಿಯ ಸಹಜ ಮಾತೆಂದುಕೊಂಡಿದ್ದೆ. ಓದಿದ ಹಳೆಯ ಗೆಳೆಯನೊಬ್ಬ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಆ ಮಾತು ಬೇಕಿತ್ತೇನೋ?” ಎಂದ. ಅವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಉತ್ತರ ಕೊಡಲು ನನ್ನಿಂದಾಗಲಿಲ್ಲ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದವನಿಗೂ ನನಗೂ ಅಂದು ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಜಾಹೀರಾತನ್ನು ಅಳಿಸುವುದು ಸರಕಾರದ ಕೆಲಸ. ಅದು ಬೇರೂರಿರುವ ನಾಚಿಕೆಯನ್ನು ಅಳಿಸುವುದು ನಮ್ಮದು. ಮಗನ ಜ್ವರಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಓಡುವ ಅಪ್ಪ ತನ್ನ ತೊಂದರೆಯನ್ನೂ ಅಲ್ಲಿಯೇ, ಅಷ್ಟೇ ಸಹಜವಾಗಿ ಹೇಳುವಂತಾಗಬೇಕು. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆಗೆ ಗುಟ್ಟು ಬೇಕಿಲ್ಲ.