ಕಾರ್ಬನ್ ಫ್ರೇಮಿಗೆ ಭಟ್ಟಿಯ ಬಣ್ಣ ಸಲ್ಲದು

ಹುಬ್ಬಳ್ಳಿ-ಧಾರವಾಡದ ಸೈಕಲ್ ಹವ್ಯಾಸಿಗಳ ಬಳಗದಲ್ಲಿ ಕಾರ್ಬನ್ ಫೈಬರ್ ಫ್ರೇಮಿನ ಸೈಕಲ್ಲುಗಳು ಕಾಣಿಸಿಕೊಳ್ಳತೊಡಗಿದಂತೆ, ಅವುಗಳ ಬಣ್ಣ ಮಾಸಿದಾಗ ಏನು ಮಾಡಬೇಕೆಂಬ ಪ್ರಶ್ನೆಯೂ ಜೊತೆಗೇ ಬಂದಿದೆ. ಹುಬ್ಬಳ್ಳಿ ಬೈಸಿಕಲ್ ಕ್ಲಬ್ ನಡೆಸುವ ಬ್ರೆವೆಗಳಲ್ಲಿ, ಅಂದರೆ 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಸ್ವಂತ ಬಲದ ಮೇಲೆಯೇ ಕ್ರಮಿಸಬೇಕಾದ, ಮುಂದೆ 300, 400, 600 ಕಿ.ಮೀ.ಗಳಿಗೆ ಬೆಳೆಯುವ ದೀರ್ಘ ಸವಾರಿಗಳಲ್ಲಿ, ಫ್ರೇಮು ಮಳೆ, ಧೂಳು, ಕೆಸರುಗಳನ್ನೆಲ್ಲ ಒಂದೇ ದಿನದಲ್ಲಿ ಕಾಣಬಹುದು. ಧಾರವಾಡದಿಂದ ದಕ್ಷಿಣಕ್ಕೆ ಕಲಘಟಗಿ, ಪಶ್ಚಿಮಕ್ಕೆ ಹಳಿಯಾಳದ ಕಡೆ ಕೆಂಪು ಮಣ್ಣಾದರೆ, ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಕಡೆ ಎರೆಮಣ್ಣು. ಒದ್ದೆಯಾದ ಎರೆ ಟೈರಿಗೆ ಮೆತ್ತಿಕೊಂಡು ಚೈನ್‌ಸ್ಟೇಯನ್ನು, ಅಂದರೆ ಪೆಡಲಿನ ಅಚ್ಚಿನಿಂದ ಹಿಂಗಾಲಿಯ ಅಚ್ಚಿಗೆ ಚಾಚಿದ ಕೊಳವೆಯನ್ನು, ಪ್ರತಿ ಸುತ್ತಿಗೂ ಉಜ್ಜುತ್ತ ಹೋಗುವುದರಿಂದ ಬಣ್ಣ ಮೊದಲು ಸವೆಯುವುದು ಅಲ್ಲಿಯೇ. ಬಣ್ಣ ಸವೆದ ಮೇಲೆ ಮಣ್ಣು ನೇರವಾಗಿ ಕಾರ್ಬನ್ನನ್ನೇ ಸವೆಸತೊಡಗುತ್ತದಾದ್ದರಿಂದ ಮರುಬಣ್ಣ ಕೇವಲ ಅಂದದ ಮಾತಲ್ಲ.

ಅವಳಿ ನಗರದಲ್ಲಿ ಈ ಪ್ರಶ್ನೆಗೆ ಮೊದಲು ಹೊಳೆಯುವ ಉತ್ತರ ಪೌಡರ್ ಕೋಟಿಂಗ್. ಗೋಕುಲ ರಸ್ತೆ, ತಾರಿಹಾಳದಂಥ ಕೈಗಾರಿಕಾ ಪ್ರದೇಶಗಳ ನಗರಕ್ಕೆ ಇದು ಹೊಸ ಹೆಸರಲ್ಲ. ಗ್ರಿಲ್, ಗೇಟು, ಯಂತ್ರದ ಬಿಡಿಭಾಗಗಳಿಗೆ ಇದಕ್ಕಿಂತ ಗಟ್ಟಿಯಾದ, ಅಗ್ಗವಾದ ಹೊದಿಕೆ ಸಿಗುವುದು ಕಷ್ಟ. ಪಾಲಿಯೆಸ್ಟರ್ ಅಥವಾ ಎಪಾಕ್ಸಿ ರಾಳದ ನುಣ್ಣನೆಯ ಒಣ ಪುಡಿಗೆ ಗನ್ನಿನ ತುದಿಯಲ್ಲಿ ಹತ್ತಾರು ಸಾವಿರ ವೋಲ್ಟಿನ ವಿದ್ಯುದಾವೇಶ ಕೊಟ್ಟು, ಭೂಸಂಪರ್ಕವಿರುವ ಲೋಹದ ಮೇಲೆ ಸಿಂಪಡಿಸಿದರೆ ಪುಡಿ ಅದಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ. ಬಳಿಕ ಭಟ್ಟಿಯಲ್ಲಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸಿದಾಗ ಪುಡಿ ಕರಗಿ, ಹರಡಿ, ಒಳಗೇ ರಾಸಾಯನಿಕವಾಗಿ ಹೆಣೆದುಕೊಂಡು 60ರಿಂದ 100 ಮೈಕ್ರಾನ್ ದಪ್ಪದ ಪದರವಾಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಉಕ್ಕಿನ ಹಳೆಯ ರೋಡ್‌ಸ್ಟರ್ ಫ್ರೇಮಿಗೆ ಈ ಹೊದಿಕೆ ಹೇಳಿ ಮಾಡಿಸಿದಂತಿದೆ.

ಕಾರ್ಬನ್ನಿನ ಸ್ವಭಾವ ಬೇರೆ. ಐದರಿಂದ ಏಳು ಮೈಕ್ರಾನ್ ವ್ಯಾಸದ ಇಂಗಾಲದ ಎಳೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸೇರಿಸಿ, ಎಪಾಕ್ಸಿ ರಾಳದಲ್ಲಿ ನೆನೆಸಿದ ಹಾಳೆಗಳನ್ನು ಒಂದರ ಮೇಲೊಂದು ಬೇರೆ ಬೇರೆ ಕೋನಗಳಲ್ಲಿ ಹಾಸಿ, ಅಚ್ಚಿನಲ್ಲಿ ಒತ್ತಿ ಕಾಯಿಸಿದಾಗ ಫ್ರೇಮಾಗುತ್ತದೆ. ಎಳೆಗಳಿಗೆ 200 ಡಿಗ್ರಿ ಲೆಕ್ಕಕ್ಕೇ ಇಲ್ಲ. ಆದರೆ ಅವುಗಳನ್ನು ಹಿಡಿದಿಟ್ಟ ರಾಳಕ್ಕೆ ಒಂದು ಮಿತಿಯಿದೆ. ಅದನ್ನು ಗಾಜು-ಸ್ಥಿತ್ಯಂತರ ತಾಪ ಎನ್ನುತ್ತಾರೆ. ಈ ತಾಪವನ್ನು ದಾಟಿದೊಡನೆ ಗಾಜಿನಂತೆ ಬಿಗಿಯಾಗಿದ್ದ ರಾಳ ಕರಗದಿದ್ದರೂ ಮೆತ್ತಗಾಗಿ, ಎಳೆಗಳನ್ನು ಬಿಗಿಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸೈಕಲ್ ಫ್ರೇಮುಗಳಲ್ಲಿ ಬಳಸುವ ರಾಳಗಳಿಗೆ ಈ ಮಿತಿ ಸಾಮಾನ್ಯವಾಗಿ 120ರಿಂದ 150 ಡಿಗ್ರಿಗಳ ಆಸುಪಾಸಿನಲ್ಲಿದ್ದು, ಪೌಡರ್ ಭಟ್ಟಿ ಅದನ್ನು ಸಲೀಸಾಗಿ ದಾಟಿಬಿಡುತ್ತದೆ. ಆಗ ಹಾಸುಗಳ ನಡುವೆ ಸಿಕ್ಕಿಕೊಂಡ ಗಾಳಿ, ತೇವಾಂಶಗಳು ಹಿಗ್ಗಿ ಗುಳ್ಳೆಯೇಳಬಹುದು, ಪದರಗಳು ಬಿಡಬಹುದು. ಇದಕ್ಕಿಂತ ದೊಡ್ಡ ಅಪಾಯ ಅಂಟಿನ ಜೋಡಣೆಗಳಲ್ಲಿದೆ: ಪೆಡಲಿನ ಅಚ್ಚು ಕೂರುವ ಜಾಗದಲ್ಲೋ ಗಾಲಿ ಕೂರುವ ಕಚ್ಚಿನಲ್ಲೋ ಅಲ್ಯುಮಿನಿಯಂ ತುಂಡುಗಳನ್ನು ಅಂಟಿಸಿರುವ ಫ್ರೇಮುಗಳಲ್ಲಿ, ಕಾಯ್ದಾಗ ಅಲ್ಯುಮಿನಿಯಂ ಚೆನ್ನಾಗಿ ಹಿಗ್ಗುತ್ತದೆ, ಕಾರ್ಬನ್ ಎಳೆಯ ದಿಕ್ಕಿನಲ್ಲಿ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ನಡುವಿನ ಅಂಟು ಅದೇ ಹೊತ್ತಿಗೆ ಮೆತ್ತಗಾಗಿರುತ್ತದೆ. ಭಟ್ಟಿಯಿಂದ ಹೊರಬಂದ ಫ್ರೇಮು ಕಣ್ಣಿಗೆ ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದು, ಒಳಗಿನ ಹಾನಿ ಇಳಿಜಾರಿನಲ್ಲಿ ಬ್ರೇಕ್ ಒತ್ತುವ ದಿನದವರೆಗೂ ಗೊತ್ತಾಗದಿರಬಹುದು. ಮರದ ಹಲಗೆಗಳಿಗೆಂದು ತಯಾರಿಸಿದ, ಕಡಿಮೆ ಶಾಖದಲ್ಲಿ ಬೇಯುವ ಪುಡಿಗಳಿರುವುದು ನಿಜ. ಆದರೆ ಅವುಗಳಿಗೆ ಶಾಖವನ್ನು ಕರಾರುವಾಕ್ಕಾಗಿ ಕಾಯುವ ಭಟ್ಟಿಯೂ, ರಾಳದ ಮಿತಿ ಎಷ್ಟೆಂಬ ತಯಾರಕರ ಮಾಹಿತಿಯೂ ಬೇಕು. ಗೇಟಿಗೂ ಗ್ರಿಲ್ಲಿಗೂ ಒಂದೇ ಭಟ್ಟಿ ಉರಿಸುವಲ್ಲಿ ಅದನ್ನು ನಿರೀಕ್ಷಿಸುವುದು ಸರಿಯಲ್ಲ.

ಬಣ್ಣದ ಕೆಳಗೆ ಅಡಗಿದ ಕಾರ್ಬನ್ನಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಯುಮಿನಿಯಂ ಫ್ರೇಮಿಗೆ ಕಾರ್ಬನ್ ಫೋರ್ಕನ್ನೋ, ಸೀಟಿನ ಬುಡದಿಂದ ಹಿಂಗಾಲಿಗೆ ಇಳಿಯುವ ಕಾರ್ಬನ್ ಕೊಳವೆಗಳನ್ನೋ ಅಂಟಿಸುವ ರೂಢಿ ಒಂದು ಕಾಲಕ್ಕೆ ವ್ಯಾಪಕವಾಗಿತ್ತು, ಆ ಸೈಕಲ್ಲುಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಅಯಸ್ಕಾಂತ ಉಕ್ಕನ್ನು ತೋರಿಸಿಕೊಡುತ್ತದೆಯೇ ಹೊರತು ಅಲ್ಯುಮಿನಿಯಮ್ಮಿಗೂ ಕಾರ್ಬನ್ನಿಗೂ ಭೇದವೆಣಿಸದು. ನಾಣ್ಯದಿಂದ ತಟ್ಟಿದಾಗ ಲೋಹ ಕಣಕಣಿಸುವಲ್ಲಿ ಕಾರ್ಬನ್ ಮಂದವಾಗಿ ದನಿಗೊಡುವುದನ್ನು ಕೇಳಿ ಗುರುತಿಸಬೇಕು. ಫ್ರೇಮಿನ ಮಾಡೆಲ್ ಹೆಸರನ್ನು ಹಿಡಿದು ತಯಾರಕರ ವಿವರ ನೋಡಿಕೊಳ್ಳುವುದು ಅದಕ್ಕಿಂತ ಖಚಿತ.

ಹಾಗಾದರೆ ಸಲ್ಲುವುದು ಯಾವುದು? ವಿಮಾನಗಳಿಗೆ ಸಲ್ಲುವ ಕ್ರಮವೇ ಸೈಕಲ್ಲಿಗೂ ಸಲ್ಲುತ್ತದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನದ ಹೊರಮೈಯಲ್ಲಿ ಬಹುಪಾಲು ಕಾರ್ಬನ್ ಸಂಯೋಜಿತ ವಸ್ತುವೇ ಆಗಿದ್ದು, ಅದರ ರೆಕ್ಕೆಯಂಥ ಭಾಗಗಳ ಹಿಂದೆ ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದ ದುಡಿಮೆಯಿದೆ. ಇಂಥ ಮೈಗಳಿಗೆ ವಿಮಾನರಂಗದಲ್ಲಿ ಬಳಸುವುದು ದ್ರವರೂಪದ ಪಾಲಿಯುರೆಥೇನ್ ಬಣ್ಣವನ್ನು. ಬಣ್ಣ ಮತ್ತು ಹಾರ್ಡ್‌ನರ್ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ಭಟ್ಟಿಯ ಹಂಗಿಲ್ಲದೆ ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಈ ಬಣ್ಣ ಕಾರಿನ ಪೇಂಟಿಂಗ್ ಗ್ಯಾರೇಜುಗಳಲ್ಲೂ ನಿತ್ಯ ಬಳಕೆಯದು. ಕಲಘಟಗಿಯ ತೊಟ್ಟಿಲುಗಳ ಮೇಲೆ ಅರಗಿನ ಬಣ್ಣ ಕೂರಿಸಿದ ಕುಶಲಿಗರ ಜಿಲ್ಲೆಯಲ್ಲಿ, ವಸ್ತುವಿನ ಗುಣವರಿತು ಬಣ್ಣ ಹಚ್ಚುವ ಕೈಗಳಿಗೆ ಬರವಿರಲಾರದು.

ಕೆಲಸದ ನಿಜವಾದ ಕುಶಲತೆ ಬಣ್ಣ ಹೊಡೆಯುವುದರಲ್ಲಿಲ್ಲ, ಅದಕ್ಕೆ ಮುಂಚಿನ ಉಜ್ಜುವಿಕೆಯಲ್ಲಿದೆ. ಲೋಹದ ಬಣ್ಣ ತೆಗೆಯಲು ಬಳಸುವ ಪೇಂಟ್ ರಿಮೂವರ್ ಎಪಾಕ್ಸಿಯನ್ನೂ ತಿನ್ನಬಲ್ಲದು, ಮರಳು ಸಿಡಿಸುವ ಬ್ಲಾಸ್ಟಿಂಗ್ ಎಳೆಗಳನ್ನೇ ಕಡಿಯುತ್ತದೆ. ಆದ್ದರಿಂದ ಎರಡೂ ವರ್ಜ್ಯ. ಉಳಿಯುವುದು ನೀರು, 400 ಮತ್ತು 600ನೇ ನಂಬರಿನ ವಾಟರ್ ಪೇಪರ್, ಮತ್ತು ಸಹನೆ. ಪೇಪರಿನ ಕೆಳಗೆ ಹರಿಯುವ ನೀರಿನ ಬಣ್ಣವನ್ನೇ ನೋಡುತ್ತಿರಬೇಕು: ಮೊದಲು ಹಾಲಿನಂತೆ ಬಿಳಿಯಾಗಿ ಬರುವುದು ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್, ಬಳಿಕ ಕೆಂಪೋ ನೀಲಿಯೋ ಬಂದರೆ ಹಳೆಯ ಬಣ್ಣ, ಅನಂತರ ಬೂದು ಬಂದರೆ ಪ್ರೈಮರ್, ಕಪ್ಪು ಬಣ್ಣವೇ ಇಲ್ಲದ ಫ್ರೇಮಿನಿಂದ ಕಪ್ಪು ನೀರು ಇಳಿದರೆ ಪೇಪರು ಎಳೆಯನ್ನು ಮುಟ್ಟಿದೆಯೆಂದೇ ಅರ್ಥ, ಕೈ ಅಲ್ಲಿಗೇ ನಿಲ್ಲಬೇಕು. ಮೂಲೆ, ಅಂಚು, ಜೋಡಣೆಯ ಏಣುಗಳಲ್ಲಿ ಪದರ ತೆಳುವಾಗಿರುವುದರಿಂದ ಅಲ್ಲಿ ಬೆರಳಿನ ಒತ್ತಡ ಹೆಚ್ಚಬಾರದು. ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅದನ್ನು ಪೂರ್ತಿ ಕಿತ್ತುಹಾಕುವ ಗೊಡವೆಯೇ ಬೇಡ. ಹೊಳಪು ಹೋಗುವಷ್ಟು ಉಜ್ಜಿ ಅದರ ಮೇಲೆಯೇ ಬಣ್ಣ ಕೊಡುವುದು ಅತ್ಯುತ್ತಮ ಮಾರ್ಗ.

ಬಣ್ಣ ತೆಳ್ಳಗಿರಬೇಕು. ಫ್ರೇಮಿನ ಇಡೀ ಬಣ್ಣದ ತೂಕ ಸುಮಾರು 100 ಗ್ರಾಂ ಆಚೀಚೆ ಇರುವಲ್ಲಿ, ಕಾರಿನ ಬಾನೆಟ್ಟಿಗೆ ಹೊಡೆದಂತೆ ಪದರದ ಮೇಲೆ ಪದರ ಹೇರಿದರೆ ಕಾರ್ಬನ್ನಿನ ಹಗುರತನಕ್ಕೆ ತೆತ್ತ ಬೆಲೆ ವ್ಯರ್ಥ. ಬೇರಿಂಗ್ ಕೂರುವ ಜಾಗ, ಸೀಟ್‌ಪೋಸ್ಟ್ ಇಳಿಯುವ ಒಳಮೈ, ಗಾಲಿ ಸಿಕ್ಕಿಸುವ ಕಚ್ಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಬೇಕು, ರಿಮ್ಮಿನ ಬ್ರೇಕ್ ಹಿಡಿಯುವ ಮೈಗೆ ಬಣ್ಣ ಸೋಕಲೇಬಾರದು. ಕೊನೆಯ ಕ್ಲಿಯರ್ ಕೋಟ್ ನೇರಳಾತೀತ ಕಿರಣಗಳನ್ನು ತಡೆಯುವಂಥದ್ದಿರಬೇಕು. ಬಿಸಿಲಿಗೆ ಬರಿಮೈ ಒಡ್ಡಿದ ಎಪಾಕ್ಸಿ ಹಳದಿಗಟ್ಟಿ ಸುಣ್ಣದಂತೆ ಉದುರತೊಡಗುತ್ತದೆ.

ಈ ಕೆಲಸ ಮಾಡುವವರ ಶ್ವಾಸಕೋಶದ ಮಾತನ್ನು ಗಿರಾಕಿಯೇ ಎತ್ತಬೇಕಾಗುತ್ತದೆ. ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಅಸ್ತಮಾ ತರಬಲ್ಲದು, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಗಾಳಿ ಎಳೆಯುವ ಬೂತ್, ಸರಿಯಾದ ಮುಖಗವಸು ಇಲ್ಲದ ಗ್ಯಾರೇಜಿಗೆ ಕೆಲಸ ಕೊಡದಿರುವುದೇ ಲೇಸು, ಇರುವ ಗ್ಯಾರೇಜು ತುಸು ಹೆಚ್ಚು ಕೇಳಿದರೆ ಚೌಕಾಸಿಯಿಲ್ಲದೆ ಕೊಡತಕ್ಕದ್ದು.

ಎಲ್ಲ ಭಾಗಕ್ಕೂ ಬಣ್ಣ ಬೇಕೆಂದೇನಿಲ್ಲ. ಹ್ಯಾಂಡಲ್‌ಬಾರ್, ಸ್ಟೆಮ್ಮಿನೊಳಗೆ ಹೋಗುವ ಫೋರ್ಕಿನ ಕತ್ತು, ಸೀಟ್‌ಪೋಸ್ಟ್ ಇವು ಬಿರುಕು ಬಿಟ್ಟರೆ ಸವಾರ ನೆಲಕ್ಕೆ ಬೀಳುವ ಭಾಗಗಳಾದ್ದರಿಂದ, ಬಿರುಕನ್ನು ಮುಚ್ಚುವ ಬಣ್ಣ ಅವುಗಳಿಗೆ ಬೇಡ. ಫ್ರೇಮಿಗೂ ಮಳೆಗಾಲದ ತೇವದಲ್ಲಿ ಬಣ್ಣ ಕೊಡಬಾರದು: ತಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಹೊಳಪು ಮಂಕಾಗುತ್ತದೆ, ಹಾರ್ಡ್‌ನರ್ ನೀರಿನೊಡನೆ ವರ್ತಿಸಿ ಸೂಜಿಮೊನೆಯಂಥ ಗುಳ್ಳೆಗಳೇಳುತ್ತವೆ. ಧಾರವಾಡದ ಜುಲೈ ಇದಕ್ಕೆ ತಕ್ಕ ತಿಂಗಳಲ್ಲ. ಬಣ್ಣ ಮಾಡಿಸಬೇಕೆಂದಿರುವವರು ದೀಪಾವಳಿ ಕಳೆದು ಒಣಗಾಳಿ ಶುರುವಾಗುವ ತನಕ ಕಾದು, ಫ್ರೇಮು ಕೈಸೇರಿದ ಮೇಲೂ ಒಂದು ವಾರ ಕ್ಲಾಂಪು, ಸ್ಟಿಕರ್ ಯಾವುದನ್ನೂ ಹಚ್ಚದೆ ನೆರಳಿನಲ್ಲಿ ಇಡಬೇಕು.