ಗೆಜೆಟಿಯರುಗಳಲ್ಲಿ ಬಡವರ ಆಸ್ಪತ್ರೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ದೃಷ್ಟಿಯಿಂದ ಒಂದು ವಿಮರ್ಶೆ

1

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಎಂದರೆ 1837ರಿಂದ 1901ರವರೆಗೆ, ಬಡವರಿಗೆ ದೊರೆತ ವೈದ್ಯಸಹಾಯದ ಚರಿತ್ರೆಯನ್ನು ಬರೆಯಹೊರಟವನು ಮೊದಲು ಕೈಗೆತ್ತಿಕೊಳ್ಳುವುದು ಗೆಜೆಟಿಯರುಗಳನ್ನು. ಬಿ. ಎಲ್. ರೈಸ್ ಮಹಾಶಯರು 1876-78ರಲ್ಲಿ ಹೊರತಂದ ಸಂಪುಟಗಳು, ಅವರೇ 1897ರಲ್ಲಿ ಪರಿಷ್ಕರಿಸಿದ ಆವೃತ್ತಿ, ಸಿ. ಹಯವದನರಾಯರು 1927-30ರಲ್ಲಿ ಸಂಪಾದಿಸಿದ ಮೈಸೂರು ಗೆಜೆಟಿಯರು, 1969ರ ತುಮಕೂರು ಜಿಲ್ಲಾ ಗೆಜೆಟಿಯರು — ಹೀಗೆ ಒಂದು ಶತಮಾನದ ಪರಂಪರೆ ನಮ್ಮ ಮುಂದಿದೆ. ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸುವ ಪ್ರಬಂಧಗಳಲ್ಲಿ 'ವೈದ್ಯಕೀಯ ಸೌಲಭ್ಯಗಳು' ಎಂಬ ತಲೆಬರಹದಡಿ ಬರುವ ಪಟ್ಟಿಗಳು ಬಹುಮಟ್ಟಿಗೆ ಈ ಗ್ರಂಥಗಳಿಂದಲೇ ಇಳಿದುಬಂದವು. ನಾವೂ ತರಗತಿಯಲ್ಲಿ ಅವನ್ನೇ ಓದಿಸಿದ್ದುಂಟು. ಆದ್ದರಿಂದ ಈ ವಿಮರ್ಶೆ ಅನ್ಯರ ದೋಷವನ್ನು ಎತ್ತಿ ತೋರಿಸುವುದಕ್ಕೆ ಮಾತ್ರ ಮೀಸಲಾದುದಲ್ಲವೆಂದು ವಾಚಕರು ತಿಳಿಯಬೇಕು.

ನಾವು ಎತ್ತುವ ಪ್ರಶ್ನೆ ಸರಳವಾದುದು. ಬಡವರ ಆಸ್ಪತ್ರೆಯನ್ನು ಯಾರು ಆಳುತ್ತಿದ್ದರು? ಆಳುವವರು ಯಾರಿಗೆ ಉತ್ತರ ಹೇಳಬೇಕಾಗಿತ್ತು? ಗೆಜೆಟಿಯರುಗಳು ಈ ಪ್ರಶ್ನೆಗೆ ಉತ್ತರ ಕೊಟ್ಟಂತೆ ತೋರಿಸಿ, ವಾಸ್ತವವಾಗಿ ಬೇರೊಂದು ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂಬುದು ನಮ್ಮ ಅಭಿಪ್ರಾಯ. ಎಷ್ಟು ದವಾಖಾನೆಗಳು, ಎಷ್ಟು ರೋಗಿಗಳು, ಎಷ್ಟು ವೆಚ್ಚ — ಇದು ಅವುಗಳ ಉತ್ತರ. ಆಡಳಿತದ ಸ್ಥಾನದಲ್ಲಿ ಎಣಿಕೆ ಕುಳಿತಿದೆ.

2

ಗೆಜೆಟಿಯರಿನ ರಚನಾಕ್ರಮವನ್ನು ಮೊದಲು ಗಮನಿಸೋಣ. ರೈಸ್ ಮಹಾಶಯರ ಗ್ರಂಥದಲ್ಲಿ ಇಡೀ ಸಂಸ್ಥಾನಕ್ಕೆ ಸಂಬಂಧಿಸಿದ ಆಡಳಿತ ವಿಷಯಗಳು ಒಂದು ಸಂಪುಟದಲ್ಲಿಯೂ, ಜಿಲ್ಲೆ ಮತ್ತು ತಾಲ್ಲೂಕುಗಳ ವಿವರಗಳು ಇನ್ನೊಂದರಲ್ಲಿಯೂ ಇವೆ. ತಾಲ್ಲೂಕಿನ ವಿವರಣೆಯಲ್ಲಿ ಹೋಬಳಿಗಳು, ಗ್ರಾಮಗಳು, ಜನಸಂಖ್ಯೆ, ಮಣ್ಣು, ಬೆಳೆ, ಕಂದಾಯ ಇವು ಮುಖ್ಯವಾದ ಅಂಗಗಳು. ಮಧುಗಿರಿಯ ಏಕಶಿಲಾ ದುರ್ಗ, ಶಿರಾದ ಮೊಗಲ್ ಸುಬೇದಾರಿಕೆ, ಕೊರಟಗೆರೆ ಮತ್ತು ಪಾವಗಡಗಳ ಪಾಳೆಯಗಾರರು ಇವೆಲ್ಲಕ್ಕೂ ಯೋಗ್ಯವಾದ ಸ್ಥಳ ದೊರೆತಿದೆ. ವೈದ್ಯಸಹಾಯವು ಮಾತ್ರ ಸಂಸ್ಥಾನದ ಒಂದು ಇಲಾಖೆಯಾಗಿ ಬೆಂಗಳೂರಿನಿಂದ ಕಂಡಂತೆ ವರ್ಣಿತವಾಗಿದೆ. ತಾಲ್ಲೂಕಿನಿಂದ ನೋಡಿದರೆ ಅದು ಹೇಗೆ ಕಾಣುತ್ತಿತ್ತೆಂಬುದಕ್ಕೆ ಆ ಕ್ರಮದಲ್ಲಿ ಎಡೆಯೇ ಇಲ್ಲ.

ಇದು ಕೇವಲ ಪುಟವಿಂಗಡಣೆಯ ಮಾತಲ್ಲ. ಬೆಂಗಳೂರಿನಲ್ಲಿ ನಿಂತವನಿಗೆ 1868ರಲ್ಲಿ ತೆರೆದ ಬೌರಿಂಗ್ ಆಸ್ಪತ್ರೆ ಕಾಣುತ್ತದೆ. ಪ್ಯಾರಿಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ ಅದನ್ನು ಕಟ್ಟಿದರೆಂಬ ಹೆಮ್ಮೆಯೂ ಕಾಣುತ್ತದೆ. 1897ರಲ್ಲಿ ಅಡಿಗಲ್ಲು ಬಿದ್ದು 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ನರಿಂದ ಉದ್ಘಾಟಿತವಾದ ವಿಕ್ಟೋರಿಯಾ ಆಸ್ಪತ್ರೆ ಕಾಣುತ್ತದೆ. ಪಾವಗಡದಲ್ಲಿ ನಿಂತವನಿಗೆ ಕಾಣುವುದೇ ಬೇರೆ. ಆ ತಾಲ್ಲೂಕು ಬಹುತೇಕ ಎಲ್ಲ ಕಡೆಯೂ ಆಂಧ್ರದ ನೆಲದಿಂದ ಸುತ್ತುವರಿದ ದ್ವೀಪ. ಜಿಲ್ಲೆಯ ಕೇಂದ್ರಕ್ಕೆ ಸುಮಾರು 100 ಕಿಲೋಮೀಟರ್ ದಾರಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದುದೇ 1884ರಲ್ಲಿ. ಅಲ್ಲಿಂದ ಮುಂದೆ ಮಧುಗಿರಿ, ಪಾವಗಡಗಳ ಕಡೆಗೆ ಎತ್ತಿನ ಗಾಡಿಯೇ ಗತಿ. ಜ್ವರದಿಂದ ನರಳುವ ಕೂಲಿಯಾಳಿಗೆ ರಾಜಧಾನಿಯ ಕಲ್ಲಿನ ಕಟ್ಟಡವು ಇದ್ದೂ ಇಲ್ಲದಂತೆ. ಹೀಗಿರುವಾಗ ಇಲಾಖೆಯ ಒಟ್ಟು ಲೆಕ್ಕವನ್ನು ಸಂಸ್ಥಾನದ ಒಟ್ಟು ಜನರ ಮೇಲೆ ಹಂಚಿ, ವೈದ್ಯಸಹಾಯ ಹರಡಿತೆಂದು ತೀರ್ಮಾನಿಸುವುದು ಯುಕ್ತವಲ್ಲ.

3

ಗೆಜೆಟಿಯರುಗಳ ಕೊರತೆ ಸ್ಪಷ್ಟವಾಗಬೇಕಾದರೆ ಅದೇ ಕಾಲದ ಇಂಗ್ಲೆಂಡಿನ ಬಡವರ ಆಸ್ಪತ್ರೆಗಳ ಕಡೆಗೆ ಒಮ್ಮೆ ನೋಡಬೇಕು. ಅಲ್ಲಿ ಎರಡು ಬಗೆಯ ಸಂಸ್ಥೆಗಳಿದ್ದುವು. ಮೊದಲನೆಯವು ದಾನಿಗಳ ಚಂದಾದಿಂದ ನಡೆಯುತ್ತಿದ್ದ ಧರ್ಮಾರ್ಥ ಆಸ್ಪತ್ರೆಗಳು. ಇವುಗಳನ್ನು ಆಳುತ್ತಿದ್ದವರು ಚಂದಾದಾರರು. ಬಹುಕಡೆ ಅವರ ಶಿಫಾರಸು ಪತ್ರವಿಲ್ಲದೆ ಬಡರೋಗಿಗೆ ಪ್ರವೇಶವಿರಲಿಲ್ಲ. ಅಂಥ ಪತ್ರವನ್ನು ಕೇಳದ ಆಸ್ಪತ್ರೆಯೊಂದನ್ನು ವಿಲಿಯಂ ಮಾರ್ಸ್ಡನ್ 1828ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದುದು ಆಗ ಹೊಸ ಮಾತಾಗಿತ್ತು. ಎರಡನೆಯವು 1834ರ ಬಡವರ ಕಾಯಿದೆಯಡಿಯಲ್ಲಿ ಬಂದ ದುಡಿಮೆಮನೆಗಳ ರೋಗಿಶಾಲೆಗಳು. ತೆರಿಗೆದಾರರು ಚುನಾಯಿಸಿದ ಪಾಲಕರ ಮಂಡಲಿಗಳು ಇವನ್ನು ನಡೆಸುತ್ತಿದ್ದುವು. ಖರ್ಚು ತಗ್ಗಿಸುವುದೇ ಇವರ ಮುಖ್ಯ ಧರ್ಮವಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಈ ವ್ಯವಸ್ಥೆಯನ್ನು ನಾವು ಆದರ್ಶವೆಂದು ಮುಂದಿಡುತ್ತಿಲ್ಲ. ಸರ್ಕಾರದ ವೈದ್ಯಸಹಾಯವನ್ನು ಪಡೆದ ಬಡವನು 1885ರ ಕಾಯಿದೆ ಬರುವವರೆಗೂ ಮತದಾನದ ಹಕ್ಕಿಗೆ ಎರವಾಗುತ್ತಿದ್ದನು. ಆದರೆ ಅಲ್ಲಿ ಒಂದು ಸಂಗತಿ ನಡೆಯಿತು. 1864ರ ಕೊನೆಯಲ್ಲಿ ಲಂಡನ್ನಿನ ಹೋಬರ್ನ್ ದುಡಿಮೆಮನೆಯಲ್ಲಿ ಆರೈಕೆಯಿಲ್ಲದೆ ನರಳಿದ ಟಿಮೊಥಿ ಡಾಲಿ ಎಂಬ ಐರಿಷ್ ಕೂಲಿಕಾರನು ತೀರಿಕೊಂಡನು. ಪತ್ರಿಕೆಗಳು ಅವನ ಹೆಸರನ್ನು ಎತ್ತಿದುವು. 'ಲ್ಯಾನ್ಸೆಟ್' ವೈದ್ಯಪತ್ರಿಕೆ 1865ರಲ್ಲಿ ತನ್ನದೇ ಆಯೋಗವನ್ನು ಕಳುಹಿಸಿ ಲಂಡನ್ನಿನ ರೋಗಿಶಾಲೆಗಳನ್ನು ಪರೀಕ್ಷಿಸಿತು. 1867ರಲ್ಲಿ ರಾಜಧಾನಿಯ ಬಡವರ ಕಾಯಿದೆ ಬಂದು, ರೋಗಿಗಳ ಆರೈಕೆಯನ್ನು ದುಡಿಮೆಮನೆಯ ಆಡಳಿತದಿಂದ ಬೇರ್ಪಡಿಸುವ ಕಾರ್ಯ ಆರಂಭವಾಯಿತು. ಒಬ್ಬ ಕೂಲಿಯವನ ಸಾವು ಕಾನೂನಿನವರೆಗೆ ನಡೆದುಬಂದ ದಾರಿ ಇದು. ಆ ದಾರಿಯಲ್ಲಿ ಪತ್ರಿಕೆ, ವಿಚಾರಣೆ, ಪಾರ್ಲಿಮೆಂಟು ಎಂಬ ಮೂರು ಮೆಟ್ಟಿಲುಗಳಿದ್ದುವು. ನಮ್ಮ ನಾಲ್ಕು ತಾಲ್ಲೂಕುಗಳ ರೋಗಿಗೆ ಇಂಥ ಮೆಟ್ಟಿಲುಗಳಿದ್ದುವೆ ಎಂಬುದೇ ಆಡಳಿತದ ಚರಿತ್ರಕಾರನು ಕೇಳಬೇಕಾದ ಪ್ರಶ್ನೆ. ಗೆಜೆಟಿಯರಿನ ಪಟ್ಟಿಯಲ್ಲಿ ಒಬ್ಬ ರೋಗಿಗೂ ಹೆಸರಿಲ್ಲ.

4

ಈ ಕೊರತೆ ಎಲ್ಲಕ್ಕಿಂತ ತೀವ್ರವಾಗಿ ಕಾಣುವುದು 1876-78ರ ಮಹಾಕ್ಷಾಮದ ಸಂದರ್ಭದಲ್ಲಿ. 1871ರ ಗಣತಿಯಂತೆ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ತುಮಕೂರು ಜಿಲ್ಲೆಯ ಜನಸಂಖ್ಯೆ ಅದೇ ಅವಧಿಯಲ್ಲಿ ಸುಮಾರು 6,32,000ದಿಂದ 4,13,000ಕ್ಕೆ ಇಳಿಯಿತೆಂದು ಇಂಪೀರಿಯಲ್ ಗೆಜೆಟಿಯರು ಕೊಡುತ್ತದೆ. ಮೂರರಲ್ಲಿ ಒಂದು ಪಾಲು ಜನ ಇಲ್ಲವಾದರು. ಎಲ್ಲೆಗಳ ಬದಲಾವಣೆ, ಗುಳೆ ಹೋದವರ ಸಂಖ್ಯೆ ಇವಕ್ಕೆ ಎಷ್ಟೇ ಅವಕಾಶ ಕೊಟ್ಟರೂ ನಷ್ಟದ ಸ್ವರೂಪ ಬದಲಾಗುವುದಿಲ್ಲ. ಮಳೆಯನ್ನೇ ನಂಬಿದ, ರಾಗಿ ಜೋಳಗಳ ಬೆದ್ದಲು ನೆಲವೇ ಹೆಚ್ಚಾದ ಈ ತಾಲ್ಲೂಕುಗಳು ಅಂಥ ಕಾಲದಲ್ಲಿ ಏನಾದುವೆಂಬುದನ್ನು ಇಲ್ಲಿಯ ಕೆರೆಗಳನ್ನು ಬಲ್ಲವರು ಊಹಿಸಬಲ್ಲರು.

ಕ್ಷಾಮಕಾಲದಲ್ಲಿ ಬಡವರ ಆಸ್ಪತ್ರೆ ಎಲ್ಲಿತ್ತು? ಅದು ಗಂಜಿಕೇಂದ್ರದಲ್ಲಿಯೂ ಪರಿಹಾರ ಶಿಬಿರದಲ್ಲಿಯೂ ಇತ್ತು. ಹಸಿವಿನಿಂದ ಬಿದ್ದವರು, ಅತಿಸಾರದವರು, ಕಾಲರಾದವರು ಬಂದು ಸೇರಿದುದು ಅಲ್ಲಿಗೆ. ಅದನ್ನು ಆಳಿದವರು ಕಂದಾಯದ ಅಧಿಕಾರಿಗಳು ಮತ್ತು ಪರಿಹಾರಕ್ಕೆಂದು ನೇಮಕವಾದವರು. ಚಾರ್ಲ್ಸ್ ಎಲಿಯಟ್ಟರು ಮೈಸೂರಿನ ಕ್ಷಾಮ ಕಮಿಷನರಾಗಿ ಬಂದ ಮೇಲೆ, ದುಡಿಯಬಲ್ಲವರನ್ನು ಗಂಜಿಕೇಂದ್ರಗಳಿಂದ ಬಿಡಿಸಿ ದೊಡ್ಡ ಕಾಮಗಾರಿಗಳಿಗೆ ಸಾಗಿಸುವುದೇ ನೀತಿಯಾಯಿತು. ದುಡಿಯಬಲ್ಲವನೇ ಅಲ್ಲವೆ ಎಂಬುದನ್ನು ನಿರ್ಣಯಿಸುವುದು ರೋಗವನ್ನು ನಿರ್ಣಯಿಸಿದಂತೆಯೇ ಸರಿ. ಆದರೆ ಆ ನಿರ್ಣಯದ ಹಿಂದೆ ಖಜಾನೆಯ ಚಿಂತೆ ಇತ್ತು. ನೆರೆಯ ಮದರಾಸಿನಲ್ಲಿ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲರು ಕೂಲಿಯನ್ನು ದಿನಕ್ಕೆ 1 ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದಾಗ, ಅಲ್ಲಿಯ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅದು ದುಡಿಯುವ ದೇಹವನ್ನು ಉಳಿಸದೆಂದು ಬಹಿರಂಗವಾಗಿ ವಾದಿಸಿದರು. ವೈದ್ಯನ ತೀರ್ಪು, ಕಂದಾಯದವನ ತೀರ್ಪು ಇವೆರಡರ ನಡುವಣ ಜಗಳವೇ ಆ ಕಾಲದ ಆಸ್ಪತ್ರೆಯಾಡಳಿತದ ತಿರುಳು.

ಗೆಜೆಟಿಯರುಗಳ ವಿಂಗಡಣೆಯಲ್ಲಿ ಕ್ಷಾಮಕ್ಕೆ ಒಂದು ಎಡೆ, ವೈದ್ಯ ಇಲಾಖೆಗೆ ಇನ್ನೊಂದು ಎಡೆ. ಎರಡಕ್ಕೂ ನಡುವೆ ಗೋಡೆ. ಇದರ ಫಲವಾಗಿ, ಶಾಂತಕಾಲದಲ್ಲಿ ದವಾಖಾನೆಯ ಬಾಗಿಲಿಗೆ ಬಂದು ಔಷಧ ಪಡೆದವನು 'ರೋಗಿ'ಯೆಂದು ಲೆಕ್ಕವಾಗುತ್ತಾನೆ. ಕ್ಷಾಮದಲ್ಲಿ ಗಂಜಿಕೇಂದ್ರದ ಚಪ್ಪರದಡಿ ಸತ್ತವನು ವೈದ್ಯಸಹಾಯದ ಲೆಕ್ಕಕ್ಕೆ ಬರುವುದೇ ಇಲ್ಲ. ಇಂಗ್ಲೆಂಡಿನ ದುಡಿಮೆಮನೆಗೂ ನಮ್ಮ ಪರಿಹಾರ ಶಿಬಿರಕ್ಕೂ ಇರುವ ಸಾಮ್ಯವು — ಎರಡೂ ರೋಗಿಯನ್ನು ಮೊದಲು ಬಡವನೆಂದು ಪರೀಕ್ಷಿಸಿ ಆಮೇಲೆ ರೋಗಿಯೆಂದು ಕಂಡುವು ಎಂಬುದು — ಈ ಗೋಡೆಯಿಂದಾಗಿ ಮರೆಯಾಗಿದೆ.

5

ಇನ್ನು 'ಧರ್ಮಾಸ್ಪತ್ರೆ' ಎಂಬ ಮಾತು. ನಮ್ಮ ಭಾಗದ ಹಿರಿಯರ ಬಾಯಲ್ಲಿ ಸರ್ಕಾರಿ ಆಸ್ಪತ್ರೆಗೆ ಇದೇ ಹೆಸರು. ಕಾಸಿಲ್ಲದೆ ಔಷಧ ಕೊಡುವುದರಿಂದ ಧರ್ಮ ಎಂಬ ಭಾವನೆ ಸಹಜವೇ. ಆದರೆ ಹಣದ ಮೂಲವನ್ನು ಹುಡುಕಿದರೆ ಈ ಮಾತು ನಿಲ್ಲುವುದಿಲ್ಲ. ರೈತನು ಕಂದಾಯದ ಪ್ರತಿ ರೂಪಾಯಿಗೂ 1 ಆಣೆಯಂತೆ ಸ್ಥಳೀಯ ನಿಧಿಗೆ ತೆತ್ತಿದ್ದಾನೆ. ರಸ್ತೆ, ಶಾಲೆಗಳಂತೆ ದವಾಖಾನೆಗಳಿಗೂ ಆ ನಿಧಿಯಿಂದ ಹಣ ಸಂದಿದೆ. ತಾನು ತೆತ್ತ ಹಣದಿಂದ ನಡೆದುದನ್ನು ತನಗೆ ಮಾಡಿದ ದಾನವೆಂದು ಅವನು ಕೈಮುಗಿದು ಪಡೆದನು. ನಿಧಿಯ ಸಮಿತಿಗೆ ಜಿಲ್ಲೆಯ ಡೆಪ್ಯುಟಿ ಕಮಿಷನರೇ ಅಧ್ಯಕ್ಷರು. ಔಷಧ ಮತ್ತು ವೈದ್ಯರ ವಿಷಯದಲ್ಲಿ ಬೆಂಗಳೂರಿನ ಹಿರಿಯ ಸರ್ಜನ್ನರು ಮೇಲಧಿಕಾರಿ. ತೆತ್ತವನಿಗೆ ಇವರಿಬ್ಬರ ನಡುವೆ ಪೀಠವಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ನಾವು ನಿರೀಕ್ಷಿಸುತ್ತೇವೆ. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಕೂಡಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಮಂದಿ ಸದಸ್ಯರಿದ್ದರಲ್ಲವೆ, ತಾಲ್ಲೂಕುಗಳ ಕುಂದುಕೊರತೆಗಳನ್ನು ಹೇಳಲು ಅದೇ ಪೀಠವಲ್ಲವೆ ಎಂದು ಕೇಳಬಹುದು. ಆಕ್ಷೇಪ ಯುಕ್ತವಾದುದೇ. ಆ ಸಭೆ ನಿಜವಾಗಿಯೂ ಒಂದು ಮೆಟ್ಟಿಲು. ಆದರೆ ಅದರ ಸದಸ್ಯರು ಭೂಮಾಲಿಕರು ಮತ್ತು ವರ್ತಕರು. ಚುನಾವಣೆ ಬಂದ ಮೇಲೂ ಮತದ ಅರ್ಹತೆ ಆಸ್ತಿಯಿಂದಲೇ ಗೊತ್ತಾಗುತ್ತಿತ್ತು. ದವಾಖಾನೆ ಬೇಕೆಂದು ಬೇಡುವ ಅಧಿಕಾರ ಅವರಿಗಿತ್ತು, ಇದ್ದ ದವಾಖಾನೆಯನ್ನು ವಿಚಾರಿಸುವ ಅಧಿಕಾರ ಇರಲಿಲ್ಲ. ಸ್ಥಳೀಯ ಮಂಡಲಿಗಳ ಶಾಸನವು 1902ರಲ್ಲಿ ಬಂದಾಗ ವಿಕ್ಟೋರಿಯಾ ಕಾಲವೇ ಮುಗಿದಿತ್ತು. ಬೇಡುವುದಕ್ಕೂ ವಿಚಾರಿಸುವುದಕ್ಕೂ ಇರುವ ಈ ಅಂತರವನ್ನು ಗುರುತಿಸದೆ ಬರೆದ ಆಡಳಿತ ಚರಿತ್ರೆ ಅಪೂರ್ಣವಾದುದು.

6

ರೈಸ್ ಮಹಾಶಯರ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಈ ತಾಲ್ಲೂಕುಗಳ ಕಲ್ಲುಗಳನ್ನು ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ ದಾನ ಕೊಟ್ಟವರ, ಕೆರೆ ಕಟ್ಟಿಸಿದವರ, ಕಾಳಗದಲ್ಲಿ ಮಡಿದವರ ಹೆಸರುಗಳನ್ನು ಉಳಿಸಿಕೊಟ್ಟವರು ಅವರೇ. ತುರುಗಳನ್ನು ಕಾಯ್ದು ಸತ್ತವನಿಗೂ ನಮ್ಮ ನಾಡಿನಲ್ಲಿ ಕಲ್ಲು ನಿಂತಿದೆ, ಹೆಸರು ಉಳಿದಿದೆ. ಆರುನೂರು ವರ್ಷಗಳ ಹಿಂದಿನ ವೀರನ ಹೆಸರು ಗೊತ್ತಿರುವ ಊರಿನಲ್ಲಿ, ನೂರೈವತ್ತು ವರ್ಷಗಳಷ್ಟು ಈಚೆಗೆ ಗಂಜಿಕೇಂದ್ರದಲ್ಲಿ ಸತ್ತವನ ಹೆಸರು ಗೊತ್ತಿಲ್ಲವೆಂದರೆ ಅದು ಕಾಲದ ದೋಷವಲ್ಲ, ದಾಖಲೆಯ ಕ್ರಮದ ದೋಷ. ಗೆಜೆಟಿಯರು ಆಳುವವನ ಕೈಪಿಡಿಯಾಗಿ ಹುಟ್ಟಿತು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಅದನ್ನು ಆಳಿಸಿಕೊಂಡವನ ಚರಿತ್ರೆಯೆಂದು ಓದಿದುದು ನಮ್ಮ ತಪ್ಪು.

ಆದ್ದರಿಂದ ಮುಂದಿನ ಸಂಶೋಧಕರಿಗೆ ನಮ್ಮ ಸೂಚನೆ ಇಷ್ಟು. ರೋಗಿಗಳ ಸಂಖ್ಯೆಯನ್ನು ಎತ್ತಿಕೊಳ್ಳುವಾಗ, ಎಣಿಸಿದವರು ಯಾರು, ಯಾರಿಗಾಗಿ ಎಣಿಸಿದರು ಎಂಬುದನ್ನು ಜೊತೆಯಲ್ಲಿ ಕೇಳಬೇಕು. ಕ್ಷಾಮದ ಕಾಗದಗಳನ್ನೂ ವೈದ್ಯ ಇಲಾಖೆಯ ಕಾಗದಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಬೇಕು. ಪ್ರಜಾಪ್ರತಿನಿಧಿ ಸಭೆಯ ನಡವಳಿಕೆಗಳಲ್ಲಿ ತಾಲ್ಲೂಕಿನವರು ಏನನ್ನು ಬೇಡಿದರು, ಅದಕ್ಕೆ ಸರ್ಕಾರ ಏನೆಂದಿತು ಎಂಬುದನ್ನು ವರ್ಷ ವರ್ಷವೂ ಹೋಲಿಸಬೇಕು. ಸ್ಥಳೀಯ ನಿಧಿಯ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳು ಕೊಟ್ಟುದೆಷ್ಟು, ಪಡೆದುದೆಷ್ಟು ಎಂಬುದನ್ನು ಬೇರ್ಪಡಿಸಬೇಕು. ಇದು ನಿಧಾನದ ಕೆಲಸ. ಪಟ್ಟಿಯನ್ನು ನಕಲು ಮಾಡುವಷ್ಟು ಸುಲಭವಲ್ಲ. ಆದರೆ ಹೀಗೆ ಮಾಡಿದಾಗ ಮಾತ್ರ, ಧರ್ಮವೆಂದು ಕರೆಯಲ್ಪಟ್ಟುದು ಎಷ್ಟರಮಟ್ಟಿಗೆ ಹಕ್ಕಾಗಿತ್ತು ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ಜನರಿಗೆ ಹೇಳುವ ಅಧಿಕಾರ ನಮಗೆ ಬರುತ್ತದೆ.